ಮುಳುಗಿದ ಹಡಗು ನೋಡಲು ಇಳಿಯುವವರಿಗೆ: ಬಾಗಿಲು ದಾಟುವ ಮುಂಚೆ

ಸ್ಕೂಬಾ ಕಲಿತ ಹೊಸದರಲ್ಲಿ ಹವಳ, ಮೀನು, ಆಮೆ ಇಷ್ಟೇ ಬೇಕಾದಷ್ಟಾಗುತ್ತದೆ. ಆಮೇಲೆ ಯಾರೋ ಒಬ್ಬರು ಮುಳುಗಿದ ಹಡಗಿನ ಫೋಟೋ ತೋರಿಸುತ್ತಾರೆ. ನೀಲಿ ನೀರಲ್ಲಿ ದೊಡ್ಡ ಕಪ್ಪು ಮೂತಿ, ಅದರಿಂದ ಇಳಿಬಿದ್ದ ಲಂಗರಿನ ಸರಪಳಿ, ಪಕ್ಕದಲ್ಲಿ ಬೆರಳುದ್ದ ಕಾಣುವ ಡೈವರ್. ಅಲ್ಲಿಗೆ ಮುಗಿಯಿತು, ಮುಂದಿನ ಪ್ರವಾಸ ಹಡಗಿಗೇ.

ತಪ್ಪೇನಿಲ್ಲ. ರೆಕ್ ಡೈವಿಂಗ್ ಅನ್ನುವ ಈ ಹುಚ್ಚು ನನಗೂ ಇದೆ. ಆದರೆ ಹೊಸಬರೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ: "ಒಳಗೆ ಹೋಗಬಹುದಾ?" ಹೊರಗೆ ಬರೋದು ಹೇಗೆ ಅಂತ ಕೇಳುವವರು ಕಡಿಮೆ. ಹಡಗಿನ ಒಳಗೆ ಮೇಲೆ ತಲೆ ಎತ್ತಿದರೆ ನೀರಿಲ್ಲ, ಕಬ್ಬಿಣದ ಚಾವಣಿ ಇದೆ. ಏನಾದರೂ ಆದರೆ ನೇರ ಮೇಲೆ ಹೋಗಲು ಆಗಲ್ಲ. ಈ ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಂಡರೆ ಉಳಿದ ನಿಯಮಗಳೆಲ್ಲ ಯಾಕಿವೆ ಅಂತ ತಾನಾಗೇ ಅರ್ಥವಾಗುತ್ತದೆ. ಹಾಗಾಗಿ ಈ ಲೇಖನದ ಬಹುಪಾಲು ಹೊರಗಿನಿಂದ ನೋಡೋದರ ಬಗ್ಗೆ, ಮತ್ತೆ ಒಳಗೆ ಹೋದರೆ ವಾಪಸ್ ಬರೋದರ ಬಗ್ಗೆ.

ಇನ್ನೊಂದು ಮಾತು. ಇದನ್ನು ಓದಿ ಯಾರೂ ಹಡಗಿನೊಳಗೆ ನುಗ್ಗಬೇಡಿ. ಓದಿದ್ದು ತರಬೇತಿಗೆ ಬದಲಿಯಲ್ಲ. ತರಬೇತಿಗೆ ಹೋದಾಗ ಏನು ಕೇಳಬೇಕು, ಏನು ಗಮನಿಸಬೇಕು ಅನ್ನೋದಕ್ಕೆ ಇದು.

ಹೆಜ್ಜೆ 1: ಮೊದಲು ನೀರಲ್ಲಿ ಸುಮ್ನೆ ನಿಲ್ಲೋದು ಕಲಿಯಿರಿ

ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್ ಆಳದ ಮಿತಿ ಇರುತ್ತದೆ. ಅಡ್ವಾನ್ಸ್ಡ್ ಮಾಡಿದರೆ 30 ಮೀಟರ್. ಹವ್ಯಾಸಿ ಡೈವಿಂಗಿನ ಕೊನೆಯ ಗಡಿ 40 ಮೀಟರ್, ಅದಕ್ಕೂ ಬೇರೆ ತರಬೇತಿ ಬೇಕು. ಹೆಸರಾದ ಹಡಗುಗಳು ಬಹಳಷ್ಟು 20ರಿಂದ 40 ಮೀಟರ್ ನಡುವೆಯೇ ಮಲಗಿವೆ. ಆದ್ದರಿಂದ ಅಡ್ವಾನ್ಸ್ಡ್, ಅದರ ಮೇಲೆ ರೆಕ್ ಡೈವರ್ ಕೋರ್ಸ್, ಈ ಕ್ರಮ ಸರಿ. ಜೊತೆಗೆ ನೈಟ್ರಾಕ್ಸ್ (ಆಮ್ಲಜನಕ ಜಾಸ್ತಿ ಬೆರೆಸಿದ ಗಾಳಿ) ಕೋರ್ಸ್ ಕೂಡ ಮಾಡಿಬಿಡಿ. 30 ಮೀಟರ್‌ನಲ್ಲಿ ಮಾಮೂಲಿ ಗಾಳಿ ಉಸಿರಾಡಿದರೆ, ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಕೋಷ್ಟಕದ ಪ್ರಕಾರ, ಡಿಕಂಪ್ರೆಷನ್ (ಮೇಲೆ ಬರುವಾಗ ದಾರಿಯಲ್ಲಿ ಕಡ್ಡಾಯವಾಗಿ ನಿಂತು ನಿಂತು ಬರೋದು) ಇಲ್ಲದೆ ಇರಬಹುದಾದ ಸಮಯ ಬರೀ 20 ನಿಮಿಷ. ನೈಟ್ರಾಕ್ಸ್‌ನಲ್ಲಿ ಸಾರಜನಕ ಕಡಿಮೆ, ಹಾಗಾಗಿ ಇನ್ನಷ್ಟು ಸಮಯ ಸಿಗುತ್ತದೆ. ಆದರೆ ಅದಕ್ಕೂ ಆಳದ ಮಿತಿ ಇದೆ: ಶೇಕಡಾ 32 ಆಮ್ಲಜನಕದ ಮಿಶ್ರಣವಾದರೆ ಸುಮಾರು 33 ಮೀಟರ್ ದಾಟುವ ಹಾಗಿಲ್ಲ, ದಾಟಿದರೆ ಆಮ್ಲಜನಕವೇ ವಿಷವಾಗುತ್ತದೆ.

ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಕಾರ್ಡ್‌ಗಿಂತ ಮುಖ್ಯ ಒಂದು ಪರೀಕ್ಷೆ ಇದೆ. ಐದು ಮೀಟರ್ ಆಳದಲ್ಲಿ, ಮರಳಿನಿಂದ ಒಂದು ಮೊಳ ಮೇಲೆ, ಕೈ ಆಡಿಸದೆ, ಕಾಲು ಬಡಿಯದೆ, ಅಡ್ಡಡ್ಡ ಮಲಗಿದ ಭಂಗಿಯಲ್ಲಿ ಮೂರು ನಿಮಿಷ ತೇಲುತ್ತಾ ನಿಲ್ಲಿ. ಉಸಿರು ಎಳೆದಾಗ ಸ್ವಲ್ಪ ಏರಬೇಕು, ಬಿಟ್ಟಾಗ ಸ್ವಲ್ಪ ಇಳಿಯಬೇಕು, ಅಷ್ಟೇ. ಕಾಲು ಕೆಳಗಿಳಿದು ಮರಳು ಎದ್ದರೆ ನೀವಿನ್ನೂ ಹಡಗಿನ ಒಳಗೆ ಹೋಗಲು ತಯಾರಿಲ್ಲ. ಹೊರಗೆ ನೋಡಲು ಧಾರಾಳವಾಗಿ ಹೋಗಬಹುದು.

ಕಾಲು ಬಡಿಯುವ ರೀತಿಯೂ ಬದಲಾಗಬೇಕು. ಮಾಮೂಲಿ ಮೇಲೆ ಕೆಳಗೆ ಬಡಿಯುವ ಕಿಕ್ ನೀರನ್ನು ಕೆಳಕ್ಕೆ ತಳ್ಳುತ್ತದೆ, ಕೆಳಗಿರುವ ಹೂಳನ್ನೆಲ್ಲ ಎಬ್ಬಿಸುತ್ತದೆ. ಮೊಣಕಾಲು ಮಡಿಸಿ, ಕಪ್ಪೆ ಈಜುವ ಹಾಗೆ ಪಾದವನ್ನು ಹೊರಕ್ಕೆ ತಿರುಗಿಸಿ ಹಿಂದಕ್ಕೆ ತಳ್ಳುವ ಫ್ರಾಗ್ ಕಿಕ್ ಕಲಿಯಿರಿ. ಹಾಗೇ ಹಿಂದಕ್ಕೆ ಸರಿಯುವ ಕಿಕ್ ಕೂಡ. ಇಕ್ಕಟ್ಟಾದ ಜಾಗದಲ್ಲಿ ತಿರುಗಲು ಆಗದಿದ್ದಾಗ ಅದೇ ಗತಿ.

ಹೆಜ್ಜೆ 2: ಯಾವ ಹಡಗು?

ಮುಳುಗಿದ ಹಡಗುಗಳಲ್ಲಿ ಎರಡು ಜಾತಿ. ಒಂದು, ಯುದ್ಧದಲ್ಲೋ ಬಿರುಗಾಳಿಯಲ್ಲೋ ತಾನಾಗಿ ಮುಳುಗಿದ್ದು. ಇನ್ನೊಂದು, ಬೇಕಂತಲೇ ಮುಳುಗಿಸಿದ್ದು. ಹಳೇ ಹಡಗಿನ ಎಣ್ಣೆ, ತಂತಿ, ಬಾಗಿಲು ಎಲ್ಲ ತೆಗೆದು, ಪಕ್ಕಗಳಲ್ಲಿ ದೊಡ್ಡ ದೊಡ್ಡ ತೂತು ಕೊರೆದು, ಮೀನಿಗೂ ಡೈವರ್‌ಗಳಿಗೂ ಅಂತ ಮುಳುಗಿಸುತ್ತಾರೆ. ಅಮೆರಿಕದ ಒರಿಸ್ಕನಿ ಅನ್ನುವ ವಿಮಾನವಾಹಕ ನೌಕೆಯನ್ನು 2006ರಲ್ಲಿ ಫ್ಲೋರಿಡಾದ ಪೆನ್ಸಕೋಲಾ ಹತ್ತಿರ ಹೀಗೇ ಮುಳುಗಿಸಿದರು. ಒಳಗೆ ಹೋಗೋದನ್ನು ಕಲಿಯಲು ಇಂಥವೇ ವಾಸಿ, ಯಾಕೆಂದರೆ ಎಲ್ಲಿ ನೋಡಿದರೂ ಹೊರಗಿನ ಬೆಳಕು ಕಾಣುತ್ತದೆ. ಆದರೂ ವರ್ಷ ಕಳೆದಂತೆ ಇವೂ ತುಕ್ಕು ಹಿಡಿದು, ಹೂಳು ತುಂಬಿ, ಗೋಡೆ ಕುಸಿದು ಬದಲಾಗುತ್ತವೆ. ಹತ್ತು ವರ್ಷದ ಹಿಂದಿನ ನಕ್ಷೆ ನಂಬಬೇಡಿ.

ಮೊದಲ ಹಡಗು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಬಾಲಿಯ ತುಲಂಬೆನ್‌ನಲ್ಲಿರುವ ಲಿಬರ್ಟಿ. 1942ರ ಜನವರಿಯಲ್ಲಿ ಜಪಾನಿ ಸಬ್‌ಮರೀನಿನ ಟಾರ್ಪಿಡೊ ಬಿದ್ದ ಅಮೆರಿಕದ ಸರಕು ಹಡಗು ಇದು. ಎಳೆದು ತಂದು ದಡಕ್ಕೆ ಹತ್ತಿಸಿದ್ದರು. ಇಪ್ಪತ್ತು ವರ್ಷ ದಡದಲ್ಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೆಲ ನಡುಗಿ ಹಡಗು ನೀರಿಗೆ ಜಾರಿತು. ಹಾಗಾಗಿ ಇವತ್ತಿಗೂ ದಡದಿಂದಲೇ ನಡೆದು ಹೋಗಿ ಇಳಿಯಬಹುದು, ದೋಣಿ ಬೇಡ. ಮೇಲ್ತುದಿ ಐದಾರು ಮೀಟರ್‌ನಲ್ಲೇ ಸಿಗುತ್ತದೆ, ಕೆಳತುದಿ ಸುಮಾರು 30 ಮೀಟರ್. ಎಷ್ಟು ಧೈರ್ಯವೋ ಅಷ್ಟು ಆಳ.

ಕೆಂಪು ಸಮುದ್ರದ ಥಿಸಲ್‌ಗಾರ್ಮ್ ಇನ್ನೊಂದು ಮಟ್ಟದ್ದು. ಬ್ರಿಟಿಷ್ ಸೇನೆಗೆ ಸರಕು ಒಯ್ಯುತ್ತಿದ್ದ ಈ ಹಡಗಿನ ಮೇಲೆ 1941ರ ಅಕ್ಟೋಬರ್ 6ರ ರಾತ್ರಿ ಜರ್ಮನ್ ಬಾಂಬರ್‌ಗಳು ಬಾಂಬ್ ಹಾಕಿದವು. ಒಳಗಿದ್ದ ಮದ್ದುಗುಂಡು ಸಿಡಿದು ಹಡಗಿನ ಹಿಂಭಾಗ ಹರಿದೇ ಹೋಯಿತು. ಒಂಬತ್ತು ಜನ ಸತ್ತರು. ಸರಕಿನ ಕೋಣೆಗಳಲ್ಲಿ ಬಿಎಸ್‌ಎ ಮೋಟಾರ್‌ಸೈಕಲ್‌ಗಳು ಇವತ್ತಿಗೂ ಸಾಲಾಗಿ ನಿಂತಿವೆ, ಟ್ರಕ್ಕುಗಳ ಮೇಲೇ. ಪಕ್ಕದಲ್ಲಿ ರಬ್ಬರ್ ಬೂಟುಗಳ ರಾಶಿ, ರೈಫಲ್ಲುಗಳು. ಹಡಗಿನಿಂದ ಸ್ವಲ್ಪ ದೂರಕ್ಕೆ ಸಿಡಿದು ಬಿದ್ದ ರೈಲು ಎಂಜಿನ್ ಮರಳಲ್ಲಿ ಕೂತಿದೆ. ನೋಡಲು ಅದ್ಭುತ, ಆದರೆ ಅಲ್ಲಿ ನೀರಿನ ಸೆಳೆತ ಜೋರು, ದೋಣಿಗಳೂ ಜಾಸ್ತಿ. ಎರಡನೆಯದೋ ಮೂರನೆಯದೋ ಹಡಗಾಗಿ ಇಟ್ಟುಕೊಳ್ಳಿ.

ಇನ್ನು ಆಳದ್ದರ ಆಸೆ ಸದ್ಯಕ್ಕೆ ಬಿಡಿ. 1956ರಲ್ಲಿ ಮುಳುಗಿದ ಆಂಡ್ರಿಯಾ ಡೋರಿಯಾ 70 ಮೀಟರ್‌ಗೂ ಕೆಳಗಿದೆ. ಅಲ್ಲಿ ಜೀವ ಬಿಟ್ಟವರಲ್ಲಿ ವರ್ಷಗಟ್ಟಲೆ ಅನುಭವ ಇದ್ದವರೇ ಇದ್ದಾರೆ.

ಹೆಜ್ಜೆ 3: ಇಳಿಯುವ ಮುಂಚೆ ಹಡಗನ್ನು ಓದಿ

ಇದನ್ನು ಜನ ಬಿಟ್ಟುಬಿಡುತ್ತಾರೆ. ನನಗಂತೂ ಅರ್ಧ ಖುಷಿ ಇಲ್ಲೇ ಇದೆ. ಹಡಗು ಎಷ್ಟು ಉದ್ದ, ಯಾವಾಗ ಕಟ್ಟಿದ್ದು, ಏನು ಒಯ್ಯುತ್ತಿತ್ತು, ಎಲ್ಲಿ ಏಟು ಬಿತ್ತು, ಯಾರು ಸತ್ತರು, ಇವೆಲ್ಲ ತಿಳಿದು ಇಳಿದರೆ ಬರೀ ತುಕ್ಕು ಹಿಡಿದ ಕಬ್ಬಿಣ ಅಂತ ಅನಿಸಲ್ಲ. ಡೆಕ್ ನಕ್ಷೆ ಸಿಕ್ಕರೆ ಒಂದು ಪ್ಲಾಸ್ಟಿಕ್ ಸ್ಲೇಟ್ ಮೇಲೆ ಬರೆದುಕೊಳ್ಳಿ. ಮೂತಿ ಯಾವ ದಿಕ್ಕಿಗಿದೆ, ಸರಕಿನ ಕೋಣೆಗಳು ಎಷ್ಟು, ಬಾಯ್ಲರ್ ಎಲ್ಲಿ, ಇಷ್ಟು ಸಾಕು.

ಹಡಗು ಯಾವ ಭಂಗಿಯಲ್ಲಿ ಮಲಗಿದೆ ಅನ್ನೋದನ್ನು ಮಾತ್ರ ಖಂಡಿತ ತಿಳಿದುಕೊಳ್ಳಿ. ಥಿಸಲ್‌ಗಾರ್ಮ್ ನೆಟ್ಟಗೆ ನಿಂತಿದೆ, ತೊಂದರೆಯಿಲ್ಲ. ಸೈಪ್ರಸ್‌ನ ಲಾರ್ನಕಾ ಹತ್ತಿರ 1980ರ ಜೂನ್‌ನಲ್ಲಿ, ತನ್ನ ಮೊದಲ ಪ್ರಯಾಣದಲ್ಲೇ ಮುಳುಗಿದ ಝೆನೋಬಿಯಾ ಪೂರ್ತಿ ಎಡಮಗ್ಗುಲಿಗೆ ಮಲಗಿದೆ. ನೂರಕ್ಕೂ ಜಾಸ್ತಿ ಲಾರಿಗಳ ಸಮೇತ. ವನುವಾಟುವಿನ ಪ್ರೆಸಿಡೆಂಟ್ ಕೂಲಿಜ್ ಕೂಡ ಹಾಗೇ ಎಡಕ್ಕೆ ಮಲಗಿದೆ. ಇಂಥ ಹಡಗಲ್ಲಿ ಗೋಡೆಯೇ ನೆಲ, ನೆಲವೇ ಗೋಡೆ. ಬಾಗಿಲು ಅಡ್ಡಡ್ಡ ಇರುತ್ತದೆ, ಮೆಟ್ಟಿಲು ಪಕ್ಕಕ್ಕೆ ಹೋಗುತ್ತದೆ. ನಕ್ಷೆಯನ್ನು ತಿರುಗಿಸಿ ಹಿಡಿದು ನೋಡಿ ಅಭ್ಯಾಸ ಮಾಡದಿದ್ದರೆ ಎರಡು ಕೋಣೆ ದಾಟುವಷ್ಟರಲ್ಲಿ ದಿಕ್ಕು ತಪ್ಪುತ್ತದೆ.

ಜೊತೆಗೆ ನಿಯಮ ವಿಚಾರಿಸಿ. ಆಸ್ಟ್ರೇಲಿಯಾದಲ್ಲಿ 1911ರ ಚಂಡಮಾರುತಕ್ಕೆ ಸಿಕ್ಕಿ 122 ಜನರ ಸಮೇತ ಮುಳುಗಿದ ಯೋಂಗಲಾ ಹಡಗಿನೊಳಗೆ ಹೋಗುವುದೇ ನಿಷಿದ್ಧ. ಹೊರಗಿನಿಂದ ನೋಡಲೇ ಜಗತ್ತಿನ ಎಲ್ಲ ಕಡೆಯಿಂದ ಡೈವರ್‌ಗಳು ಬರುತ್ತಾರೆ! ಯುದ್ಧನೌಕೆಗಳಲ್ಲಿ ಕೆಲವನ್ನು ಸಮಾಧಿ ಅಂತಲೇ ಪರಿಗಣಿಸುತ್ತಾರೆ. ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ 1939ರಲ್ಲಿ ಮುಳುಗಿದ ರಾಯಲ್ ಓಕ್ ಹತ್ತಿರಕ್ಕೂ ಪರವಾನಗಿಯಿಲ್ಲದೆ ಹೋಗುವಂತಿಲ್ಲ.

ಹೆಜ್ಜೆ 4: ಏನು ತಗೊಂಡು ಹೋಗಬೇಕು

ಮಾಮೂಲಿ ಸ್ಕೂಬಾ ಸಾಮಾನಿನ ಮೇಲೆ ಜಾಸ್ತಿ ಬೇಕಾದ್ದು ಕೆಲವೇ ಕೆಲವು.

ಟಾರ್ಚ್ ಎರಡು. ಹೊರಗಿನಿಂದ ನೋಡುವವರಿಗೂ ಬೇಕು, ಯಾಕೆಂದರೆ ಐದಾರು ಮೀಟರ್ ಇಳಿಯುವಷ್ಟರಲ್ಲೇ ಕೆಂಪು ಬಣ್ಣ ಮಾಯವಾಗಲು ಶುರುವಾಗುತ್ತದೆ. ಹಡಗಿನ ಮೇಲೆ ಬೆಳೆದ ಮೆದು ಹವಳ ಬೂದು ಬಣ್ಣಕ್ಕೆ ಕಾಣುತ್ತದೆ. ಟಾರ್ಚ್ ಹಾಕಿದ ತಕ್ಷಣ ಕೇಸರಿ, ಕೆಂಪು ಎಲ್ಲ ಎದ್ದು ಬರುತ್ತದೆ. ಒಳಗೆ ಹೋಗುವವರಿಗೆ ಮೂರು ಟಾರ್ಚ್: ಒಂದು ಕೈಯಲ್ಲಿ, ಎರಡು ಮೈಮೇಲೆ.

ಕತ್ತರಿಸಲು ಏನಾದರೂ. ಸಿನಿಮಾದಲ್ಲಿ ಕಾಲಿಗೆ ಕಟ್ಟಿಕೊಳ್ಳುವ ದೊಡ್ಡ ಚಾಕು ತೋರಿಸುತ್ತಾರಲ್ಲ, ಅದು ಬೇಡ. ಮುಳುಗಿದ ಹಡಗುಗಳ ಮೇಲೆ ಮೀನುಗಾರರ ಬಲೆ, ಗಾಳದ ದಾರ ಸಿಕ್ಕಿಕೊಂಡಿರುತ್ತದೆ. ನೈಲಾನ್ ದಾರ ನೀರಲ್ಲಿ ಕಾಣಿಸೋದೇ ಇಲ್ಲ. ಅದಕ್ಕೆ ಸಣ್ಣ ಲೈನ್ ಕಟರ್ ಅಥವಾ ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸಲು ಬಳಸುವಂಥ ಗಟ್ಟಿ ಕತ್ತರಿ ಸಾಕು. ಎಡಗೈಗೂ ಬಲಗೈಗೂ ಎಟುಕುವ ಕಡೆ, ಎದೆಯ ಮೇಲೆ ಇರಲಿ. ಒಂದು ಕೈ ಬಲೆಯಲ್ಲಿ ಸಿಕ್ಕಿಕೊಂಡಾಗ ಕಾಲಲ್ಲಿರುವ ಚಾಕು ಪ್ರಯೋಜನಕ್ಕೆ ಬರಲ್ಲ.

ಮೈ ತುಂಬಾ ಮುಚ್ಚುವ ಸೂಟ್, ತುಕ್ಕು ಹಿಡಿದ ಅಂಚು ಚರ್ಮ ಸೀಳುತ್ತದೆ. ಟೆಟನಸ್ ಲಸಿಕೆ ಯಾವಾಗ ಹಾಕಿಸಿದ್ದು ಅಂತ ಒಮ್ಮೆ ನೋಡಿಕೊಳ್ಳಿ. ಸ್ನಾರ್ಕೆಲ್ ಬಿಚ್ಚಿಡಿ. ಗೇಜ್ (ಉಳಿದ ಗಾಳಿ ತೋರಿಸುವ ಮೀಟರ್), ಎರಡನೇ ರೆಗ್ಯುಲೇಟರ್ (ಬಾಯಲ್ಲಿಟ್ಟು ಉಸಿರಾಡುವ ಸಾಧನ) ನೇತಾಡದ ಹಾಗೆ ಮೈಗೆ ಸಿಕ್ಕಿಸಿ. ನೇತಾಡೋದೆಲ್ಲ ಎಲ್ಲಿಯಾದರೂ ಸಿಕ್ಕಿಕೊಳ್ಳುತ್ತದೆ. ಮೇಲೆ ಬರುವಾಗ ದೋಣಿಗೆ ಕಾಣಲಿ ಅಂತ ಗಾಳಿ ತುಂಬಿ ಬಿಡುವ ಉದ್ದನೆಯ ಕಿತ್ತಳೆ ಬಣ್ಣದ ಬಲೂನ್, ಡೈವರ್‌ಗಳು ಡಿಎಸ್‌ಎಂಬಿ ಅನ್ನುತ್ತಾರೆ, ಅದೂ ಇರಲಿ. ರೀಲ್ ಬಗ್ಗೆ ಆಮೇಲೆ ಹೇಳುತ್ತೇನೆ.

ಹೆಜ್ಜೆ 5: ಇಳಿಯಿರಿ, ಹೊರಗೊಂದು ಸುತ್ತು ಹಾಕಿ

ಶೀತ, ಮೂಗು ಕಟ್ಟಿದ್ದರೆ ಆ ದಿನ ಬಿಡಿ. ಕಿವಿಯ ಒತ್ತಡ ಸರಿಹೋಗಲ್ಲ, ಪರದೆ ಹರಿಯಬಹುದು.

ದೋಣಿಯಿಂದ ಹಡಗಿಗೆ ಒಂದು ಹಗ್ಗ ಕಟ್ಟಿರುತ್ತಾರೆ. ಅದನ್ನು ಹಿಡಿದೇ ಇಳಿಯಿರಿ, ಅದನ್ನು ಹಿಡಿದೇ ವಾಪಸ್ ಬನ್ನಿ. ಸೆಳೆತ ಇರುವಾಗ ಹಗ್ಗ ಬಿಟ್ಟರೆ ಹಡಗು ಕೈತಪ್ಪಿ ಹೋಗುತ್ತದೆ, ನೀವು ಖಾಲಿ ನೀಲಿಯಲ್ಲಿ ತೇಲುತ್ತಿರುತ್ತೀರಿ. ಉಬ್ಬರ ಇಳಿತದ ನಡುವೆ ನೀರು ಸುಮ್ಮನಾಗುವ ಹೊತ್ತು ನೋಡಿ ಇಳಿಸುವ ದೋಣಿಯವರು ಒಳ್ಳೆಯವರು. ಕೆಳಗೆ ಮುಟ್ಟಿದ ಮೇಲೆ, ಮೊದಲು ಸೆಳೆತಕ್ಕೆ ಎದುರಾಗಿ ಹೋಗಿ. ಸುಸ್ತಾದಾಗ ಅದೇ ನೀರು ನಿಮ್ಮನ್ನು ಹಗ್ಗದ ಕಡೆ ತಂದುಬಿಡುತ್ತದೆ. ಹಡಗಿನ ಮೈಯ ಮರೆಯಲ್ಲಿ ಈಜಿದರೆ ಇನ್ನೂ ಸುಲಭ.

ಏನು ನೋಡಬೇಕು? ಮೂತಿ ಕಡೆ ಲಂಗರು ಇನ್ನೂ ಮೇಲೆ ಕಟ್ಟಿಕೊಂಡೇ ಇದೆಯಾ, ಕೆಳಗೆ ಬಿಟ್ಟಿದ್ದಾರಾ ನೋಡಿ. ಅದರಲ್ಲೇ ಕೊನೆಯ ಗಂಟೆಯ ಕತೆ ಸ್ವಲ್ಪ ಸಿಗುತ್ತದೆ. ಡೆಕ್ ಮೇಲೆ ಸರಕು ಎತ್ತುವ ವಿಂಚ್‌ಗಳು, ಬಿದ್ದ ಕಂಬಗಳು. ಹಳೇ ಹಡಗು ಪೂರ್ತಿ ಕುಸಿದು ಬರೀ ತಗಡಿನ ರಾಶಿ ಆಗಿದ್ದರೂ ಬಾಯ್ಲರ್ ಮಾತ್ರ ದುಂಡಗೆ ನಿಂತಿರುತ್ತದೆ, ಅಷ್ಟು ದಪ್ಪ ಉಕ್ಕು ಅದು. ಬಾಯ್ಲರ್ ಕಂಡರೆ ಎಂಜಿನ್ ಹತ್ತಿರದಲ್ಲೇ, ಎಂಜಿನ್‌ನಿಂದ ಉದ್ದಕ್ಕೆ ಹೋಗುವ ಶಾಫ್ಟ್ ಹಿಡಿದು ಹೋದರೆ ಪ್ರೊಪೆಲ್ಲರ್. ಹೀಗೆ ಚೂರು ಚೂರಾದ ಹಡಗಲ್ಲೂ ದಾರಿ ಸಿಗುತ್ತದೆ.

ಮರದ ಹಡಗಾದರೆ ಬೆಚ್ಚಗಿನ ಸಮುದ್ರಗಳಲ್ಲಿ ಏನೂ ಉಳಿದಿರಲ್ಲ, ಹಡಗು ಹುಳು ತಿಂದು ಮುಗಿಸಿರುತ್ತದೆ. ಮರಳು ಮುಚ್ಚಿದ್ದಷ್ಟೇ ಬದುಕುತ್ತದೆ. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಆ ಹುಳು ಅಲ್ಲಿ ಬದುಕಲ್ಲ. ಅದಕ್ಕೇ 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಮೇಲೆತ್ತಲು ಆಯಿತು. (ಅದು ಬಂದರು ಬಿಟ್ಟ ಸ್ವಲ್ಪ ಹೊತ್ತಿಗೇ, ಜನ ದಡದಲ್ಲಿ ನೋಡುತ್ತಿರುವಾಗಲೇ ಮಗುಚಿದ್ದು. ಪಾಪ!)

ಕಂಬಿ, ಅಂಚು ಹಿಡಿದುಕೊಳ್ಳುವ ಮುಂಚೆ ಎರಡು ಸಲ ನೋಡಿ. ಸ್ಟೋನ್‌ಫಿಶ್, ಸ್ಕಾರ್ಪಿಯನ್‌ಫಿಶ್ ತುಕ್ಕಿನ ಬಣ್ಣದಲ್ಲೇ ಕೂತಿರುತ್ತವೆ, ಮುಳ್ಳಲ್ಲಿ ವಿಷ. ಯುದ್ಧದ ಹಡಗಲ್ಲಿ ಗುಂಡು, ಶೆಲ್ ಕಂಡರೆ ಕೈ ಹಾಕಬೇಡಿ. 80 ವರ್ಷ ನೀರಲ್ಲಿದ್ದ ಮಾತ್ರಕ್ಕೆ ಮದ್ದು ಸತ್ತಿದೆ ಅಂತಲ್ಲ.

ಇಷ್ಟರಲ್ಲಿ ನಿಮ್ಮ 20 ನಿಮಿಷ ಆಗಿಹೋಗಿರುತ್ತದೆ, ನೋಡಿ. ಮೊದಲ ಕೆಲವು ಹಡಗುಗಳಿಗೆ ಇಷ್ಟೇ ಸಾಕು ಅಂತ ನಾನು ಹೇಳೋದು ಇದಕ್ಕೇ.

ಹೆಜ್ಜೆ 6: ಒಳಗೆ ಹೋಗುವವರು ಮೊದಲು ಲೆಕ್ಕ ಮಾಡಿ

ತರಬೇತಿ ಆಗಿದೆ, ಗೈಡ್ ಇದ್ದಾರೆ, ಹೋಗಲೇಬೇಕು ಅಂತಿದ್ದರೆ, ಕಾಗದ ಪೆನ್ನು ತಗೊಳ್ಳಿ.

ಹತ್ತು ಮೀಟರ್ ಇಳಿದ ಹಾಗೆಲ್ಲ ಒತ್ತಡ ಒಂದು ಬಾರ್ ಏರುತ್ತದೆ. ಮೇಲೆ ಇರುವ ಗಾಳಿಯದ್ದೇ ಒಂದು ಬಾರ್. 30 ಮೀಟರ್‌ನಲ್ಲಿ ಒಟ್ಟು 4 ಬಾರ್. ಅಂದರೆ ಪ್ರತಿ ಉಸಿರಿಗೂ ಮೇಲಿನದಕ್ಕಿಂತ ನಾಲ್ಕು ಪಟ್ಟು ಗಾಳಿ ಖರ್ಚು. ಮೇಲೆ ನಿಮಿಷಕ್ಕೆ 20 ಲೀಟರ್ ಬಳಸುವವರು ಅಲ್ಲಿ 80 ಲೀಟರ್ ಬಳಸುತ್ತಾರೆ. 12 ಲೀಟರ್ ಸಿಲಿಂಡರ್, 200 ಬಾರ್ ತುಂಬಿಸಿದರೆ 2400 ಲೀಟರ್ ಗಾಳಿ.

ಚಾವಣಿ ಕೆಳಗೆ ಹೋಗುವವರ ನಿಯಮ ಮೂರನೇ ಒಂದು ಭಾಗ: ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ. ಮೂರನೇ ಒಂದು ಅಂದರೆ 800 ಲೀಟರ್. 80ರಿಂದ ಭಾಗಿಸಿ. ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಹಗ್ಗ ಹಿಡಿದು ಇಳಿದದ್ದು, ಬಾಗಿಲು ಹುಡುಕಿದ್ದು ಎಲ್ಲ ಸೇರಿದೆ. ಹಾಗಾದರೆ ಒಳಗೆ ಮುಂದಕ್ಕೆ ಹೋಗಲು ಸಿಗೋದು ನಾಲ್ಕೈದು ನಿಮಿಷ ಅಷ್ಟೇ.

ಮೂರನೇ ಪಾಲು ಜಾಸ್ತಿಯಾಯಿತು ಅಂತ ಅನಿಸುತ್ತದಾ? ಇನ್ನೊಂದು ಲೆಕ್ಕ ಮಾಡೋಣ. ಗೇಜ್ 134 ಬಾರ್ ತೋರಿಸುವ ಹೊತ್ತಿಗೆ ನೀವಿಬ್ಬರೂ ಒಳಗೆ ಅತಿ ದೂರದ ಜಾಗದಲ್ಲಿದ್ದೀರಿ. ಅಲ್ಲೇ ನಿಮ್ಮ ಜೊತೆಗಾರ ಡೈವರ್‌ನ ರೆಗ್ಯುಲೇಟರ್ ಕೈಕೊಟ್ಟು ಅವರ ಗಾಳಿಯೆಲ್ಲ ಹೋಯಿತು. ನಿಮ್ಮ ಬಳಿ ಉಳಿದಿರೋದು 1600 ಲೀಟರ್. ಇಬ್ಬರೂ ಶಾಂತವಾಗಿ ಉಸಿರಾಡಿದರೆ ನಿಮಿಷಕ್ಕೆ 160, ಹತ್ತು ನಿಮಿಷ ಬರುತ್ತದೆ. ಆದರೆ ಆ ಸ್ಥಿತಿಯಲ್ಲಿ ಯಾರು ಶಾಂತವಾಗಿ ಉಸಿರಾಡುತ್ತಾರೆ, ಹೇಳಿ? ಉಸಿರು ದುಪ್ಪಟ್ಟಾದರೆ ಐದೇ ನಿಮಿಷ. ಅದರಲ್ಲೇ ಹೊರಗೂ ಬರಬೇಕು, ಮೇಲಕ್ಕೂ ಹೋಗಬೇಕು. ಮೂರನೇ ಒಂದು ಭಾಗ ಅನ್ನೋದು ಕನಿಷ್ಠ. ನನ್ನ ಅಭಿಪ್ರಾಯ ಕೇಳಿದರೆ 150 ಬಾರ್‌ಗೇ ತಿರುಗಿ.

ದೂರಕ್ಕೂ ಮಿತಿ ಇದೆ. ಹವ್ಯಾಸಿ ರೆಕ್ ಡೈವರ್‌ಗಳು ಹೊರಗಿನ ಬೆಳಕು ಕಾಣುವಷ್ಟು ದೂರ ಮಾತ್ರ ಹೋಗಬೇಕು, ಮತ್ತೆ ನೀರಿನ ಮೇಲ್ಮೈಯಿಂದ ಆಳ ಹಾಗೂ ಒಳಗಿನ ದೂರ ಎರಡೂ ಸೇರಿ 40 ಮೀಟರ್ ದಾಟಬಾರದು. ಬಾಗಿಲು 30 ಮೀಟರ್ ಆಳದಲ್ಲಿದ್ದರೆ ಒಳಗೆ 10 ಮೀಟರ್. ಅಷ್ಟೇನಾ ಅಂತ ಬೇಜಾರಾಗಬಹುದು. ಹಾಗಿದ್ದರೆ ಆಳ ಕಡಿಮೆ ಇರುವ ಬಾಗಿಲು ಹುಡುಕಿ.

ಹೆಜ್ಜೆ 7: ದಾರ ಕಟ್ಟಿ, ಆಮೇಲೆ ಬಾಗಿಲು ದಾಟಿ

ರೀಲ್ ಅಂದರೆ ತೆಳ್ಳಗಿನ ಗಟ್ಟಿ ನೈಲಾನ್ ದಾರ ಸುತ್ತಿದ ಗಾಲಿ. ಮೊದಲ ಗಂಟು ಬಾಗಿಲಿನ ಹೊರಗೆ, ನೇರ ಮೇಲಕ್ಕೆ ಹೋಗಬಹುದಾದ ತೆರೆದ ನೀರಲ್ಲಿ. ಎರಡನೇ ಗಂಟು ಬಾಗಿಲು ದಾಟಿದ ಕೂಡಲೇ, ಒಳಗೆ. ಮೊದಲನೆಯದು ಬಿಚ್ಚಿಕೊಂಡರೂ ಎರಡನೆಯದು ಇರಲಿ ಅಂತ. ಚೂಪಾದ ತುಕ್ಕಿನ ಅಂಚಿಗೆ ಕಟ್ಟಬೇಡಿ, ಉಜ್ಜಿ ಉಜ್ಜಿ ದಾರ ಕಡಿದುಹೋಗುತ್ತದೆ. ಪೈಪ್, ದುಂಡನೆ ಕಂಬಿ ನೋಡಿ ಕಟ್ಟಿ. ದಾರ ಯಾವಾಗಲೂ ಬಿಗಿಯಾಗಿರಬೇಕು. ಸಡಿಲ ಬಿಟ್ಟ ದಾರ ನೀವು ಈಜಲು ಕಾಲಿಗೆ ಹಾಕಿದ ಫಿನ್ನಿಗೋ ಸಿಲಿಂಡರ್ ವಾಲ್ವ್‌ಗೋ ಸುತ್ತಿಕೊಂಡು ಅದೇ ಬಲೆಯಾಗುತ್ತದೆ. ರೀಲ್ ಹಿಡಿದವರು ಮೊದಲು ಒಳಗೆ, ಕೊನೆಗೆ ಹೊರಗೆ.

ಇಷ್ಟೆಲ್ಲ ಯಾಕೆ, ಬಾಗಿಲು ಇಲ್ಲೇ ಕಾಣುತ್ತಿದೆಯಲ್ಲ ಅಂತ ಅನಿಸುತ್ತದೆ. ಒಳಗೆ ಹೋಗುವಾಗ ನೀರು ಗಾಜಿನ ಹಾಗಿರುತ್ತದೆ, ನಿಜ. ನೆಲದ ಮೇಲೆ ಮಾತ್ರ ವರ್ಷಗಳ ಹೂಳು, ಹಿಟ್ಟಿನಷ್ಟು ನುಣ್ಣಗೆ, ಕೂತಿದೆ. ಒಂದು ಫಿನ್ ಅದಕ್ಕೆ ತಾಗಿತು ಅನ್ನಿ. ಮೊದಲು ಮೊಣಕಾಲೆತ್ತರಕ್ಕೆ ಒಂದು ಕಂದು ಮೋಡ ಏಳುತ್ತದೆ. ಅದು ನಿಲ್ಲಲ್ಲ, ಹರಡುತ್ತಾ ಬರುತ್ತದೆ. ಟಾರ್ಚ್ ಹಾಕಿದರೆ ಬೆಳಕು ಅದಕ್ಕೇ ಬಡಿದು ಕಣ್ಣಿಗೆ ವಾಪಸ್ ಹೊಡೆಯುತ್ತದೆ. ಸ್ವಲ್ಪ ಹೊತ್ತಲ್ಲಿ ಮಾಸ್ಕ್‌ಗೆ ಒತ್ತಿ ಹಿಡಿದ ಗೇಜ್ ಕೂಡ ಕಾಣಲ್ಲ. ಈಗ ಬಾಗಿಲು ಯಾವ ಕಡೆ?

ಇನ್ನೂ ಒಂದಿದೆ, ಇದನ್ನು ಬಹಳ ಜನ ಯೋಚಿಸಿರಲ್ಲ. ನೀವು ಕಾಲನ್ನು ಎಷ್ಟೇ ನಾಜೂಕಾಗಿ ಆಡಿಸಿದರೂ ಬಿಟ್ಟ ಉಸಿರಿನ ಗುಳ್ಳೆಗಳು ಚಾವಣಿಗೆ ಹೋಗಿ ಬಡಿಯುತ್ತವೆ. ಅಲ್ಲಿನ ತುಕ್ಕು ಸಡಿಲವಾಗಿ ನಿಧಾನಕ್ಕೆ ಉದುರಲು ಶುರುವಾಗುತ್ತದೆ, ನೀವು ಮುಂದೆ ಹೋದ ಮೇಲೆ, ನಿಮ್ಮ ಬೆನ್ನ ಹಿಂದೆ. ಹಾಗಾಗಿ ಬರುವ ದಾರಿ ಹೋದ ದಾರಿಗಿಂತ ಯಾವಾಗಲೂ ಮಬ್ಬು.

ಕಣ್ಣು ಕಾಣದಾದಾಗ ಮಾಡೋದು ಇಷ್ಟೇ. ನಿಲ್ಲಿ. ಹೆಬ್ಬೆರಳು ತೋರುಬೆರಳು ಸೇರಿಸಿ ದಾರದ ಸುತ್ತ ಒಂದು ಉಂಗುರ ಮಾಡಿ. ದಾರ ಎಳೆಯಬೇಡಿ, ಅದು ಜಾರಲು ಬಿಟ್ಟು ನೀವು ಅದರ ಗುಂಟ ಹೋಗಿ. ಇನ್ನೊಂದು ಕೈ ತಲೆಯ ಮುಂದೆ ಇರಲಿ, ಕಬ್ಬಿಣಕ್ಕೆ ಹಣೆ ತಾಗದ ಹಾಗೆ. ಹಿಂದಿರುವವರು ಮುಂದಿನವರ ತೋಳು ಹಿಡಿಯಲಿ. ಮುಂದಕ್ಕೆ ತಳ್ಳಿದರೆ ಹೋಗು, ಹಿಂದಕ್ಕೆ ಎಳೆದರೆ ನಿಲ್ಲು, ಹೀಗೆ ಮುಟ್ಟಿ ತಿಳಿಸುವ ಸನ್ನೆಗಳನ್ನು ದೋಣಿಯಲ್ಲೇ ಮಾತಾಡಿಕೊಳ್ಳಿ. ಇದನ್ನು ಮನೆ ಹಾಲ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕುರ್ಚಿ ಮೇಜಿಗೆ ದಾರ ಕಟ್ಟಿ ಅಭ್ಯಾಸ ಮಾಡಬಹುದು. ನೋಡಿದವರು ನಗುತ್ತಾರೆ, ನಗಲಿ.

ಒಳಗಿನ ಇನ್ನೆರಡು ಮೋಸಗಳು. ನೀರಲ್ಲಿ ಮಾಸ್ಕ್ ಮೂಲಕ ನೋಡಿದಾಗ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. "ಆರಾಮಾಗಿ ತೂರಬಹುದು" ಅಂತ ಕಂಡ ಕಿಂಡಿ ನಿಜಕ್ಕೂ ಅಷ್ಟು ಅಗಲ ಇರಲ್ಲ. ಬೆನ್ನ ಮೇಲೆ ಸಿಲಿಂಡರ್ ಇದೆ ಅನ್ನೋದನ್ನೂ ಮರೆಯುತ್ತೇವೆ. ಎರಡನೆಯದು, ಚಾವಣಿಯಲ್ಲಿ ಕೆಲವೊಮ್ಮೆ ಗಾಳಿ ನಿಂತ ಜಾಗ ಸಿಗುತ್ತದೆ, ಕೆಳಗಿನಿಂದ ಬೆಳ್ಳಿಯಂತೆ ಹೊಳೆಯುತ್ತದೆ. ತಲೆ ಹೊರಗೆ ಹಾಕಿ ರೆಗ್ಯುಲೇಟರ್ ತೆಗೆದು ಮಾತಾಡೋಣ ಅಂತ ಆಸೆಯಾಗುತ್ತದೆ. ತೆಗೆಯಬೇಡಿ. ಅದರಲ್ಲಿರುವ ಆಮ್ಲಜನಕವನ್ನು ತುಕ್ಕು ಹಿಡಿಯುವ ಕಬ್ಬಿಣವೇ ತಿಂದಿರಬಹುದು, ಬೇರೆ ಕೆಟ್ಟ ಅನಿಲವೂ ಇರಬಹುದು. ಉಸಿರಾಡಿದವರಿಗೆ ಗೊತ್ತಾಗುವ ಮುಂಚೆ ಪ್ರಜ್ಞೆ ಹೋಗುತ್ತದೆ.

ಮತ್ತೆ 30 ಮೀಟರ್ ಆಸುಪಾಸಲ್ಲಿ ಸಾರಜನಕ ತಲೆಗೆ ಏರುತ್ತದೆ. ಸುಮ್ನೆ ನಗು ಬರುತ್ತದೆ, ಗೇಜ್ ನೋಡಿದರೂ ಅಂಕೆ ತಲೆಗೆ ಹೋಗಲ್ಲ. ಅಂಥ ಅನುಮಾನ ಬಂದ ತಕ್ಷಣ ತಿರುಗಿ. ಡೈವ್ ನಿಲ್ಲಿಸಲು ಯಾರು ಬೇಕಾದರೂ, ಯಾವಾಗ ಬೇಕಾದರೂ ಹೆಬ್ಬೆರಳು ಮೇಲೆ ತೋರಿಸಬಹುದು, ಕಾರಣ ಹೇಳಬೇಕಾಗಿಲ್ಲ. "ಬನ್ನಿ, ಚಿಕ್ಕದೊಂದು ಕೋಣೆ, ದಾರ ಎಲ್ಲ ಬೇಡ" ಅನ್ನುವ ಗೈಡ್ ಸಿಕ್ಕರೂ ಅದೇ ಹೆಬ್ಬೆರಳು ತೋರಿಸಿ.

ಹೆಜ್ಜೆ 8: ಏನೂ ಎತ್ತಿಕೊಳ್ಳಬೇಡಿ

ಪಿಂಗಾಣಿ ತಟ್ಟೆ, ಹಿತ್ತಾಳೆ ಕಿಟಕಿ, ಒಂದು ಬಾಟಲಿ. ಕೈ ತುರಿಸುತ್ತದೆ. ಬಹಳಷ್ಟು ದೇಶಗಳಲ್ಲಿ ಇದು ಅಪರಾಧ. 2001ರ ಯುನೆಸ್ಕೊ ಒಪ್ಪಂದ, ನೂರು ವರ್ಷಕ್ಕಿಂತ ಜಾಸ್ತಿ ನೀರಿನಡಿ ಇದ್ದ ಮನುಷ್ಯರ ಕುರುಹುಗಳನ್ನು ಪರಂಪರೆ ಅಂತ ಪರಿಗಣಿಸುತ್ತದೆ. ಕಾನೂನು ಬಿಡಿ, ಒಂದು ವಸ್ತು ಇದ್ದ ಜಾಗದಿಂದ ಎದ್ದರೆ ಅದು ಹೇಳುತ್ತಿದ್ದ ಕತೆಯೇ ಹೋಗುತ್ತದೆ. ನೂರಾರು ವರ್ಷ ಉಪ್ಪುನೀರಲ್ಲಿದ್ದ ಕಬ್ಬಿಣವಂತೂ ಹೊರಗೆ ತಂದು ಸುಮ್ನೆ ಒಣಗಲು ಬಿಟ್ಟರೆ ಪುಡಿಪುಡಿಯಾಗುತ್ತದೆ. ಥಿಸಲ್‌ಗಾರ್ಮ್‌ನ ಮೋಟಾರ್‌ಸೈಕಲ್‌ಗಳಿಂದ ಎಷ್ಟೋ ಭಾಗಗಳು ಹೀಗೇ ಹೋಗಿವೆ.

ಹೆಜ್ಜೆ 9: ಮೇಲೆ ಬರೋದು, ಆಮೇಲೆ

ಹಗ್ಗಕ್ಕೆ ಬಂದು ಮುಟ್ಟುವಾಗ 70 ಬಾರ್ ಆದರೂ ಉಳಿದಿರಲಿ. ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಏರಬೇಡಿ. 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ. ಸೆಳೆತ ಇದ್ದರೆ ಎಲ್ಲರೂ ಹಗ್ಗ ಹಿಡಿದು ಬಾವುಟದ ಹಾಗೆ ಅಡ್ಡಡ್ಡ ಹಾರಾಡುತ್ತಿರುತ್ತಾರೆ, ಅದು ಮಾಮೂಲು.

ದೋಣಿ ಹತ್ತಿದ ಮೇಲೆ ನೀರು ಜಾಸ್ತಿ ಕುಡಿಯಿರಿ. ಕೀಲು ನೋವು, ಜೋಮು, ತಲೆ ಸುತ್ತು, ವಿಪರೀತ ಸುಸ್ತು ಕಂಡರೆ ಸುಮ್ಮನಿರಬೇಡಿ, ಹೇಳಿ. ಶುದ್ಧ ಆಮ್ಲಜನಕ ಕೊಡಿಸಿ, ಡೈವಿಂಗ್ ಗೊತ್ತಿರುವ ವೈದ್ಯರಿಗೆ ತೋರಿಸಬೇಕು. ವಿಮಾನ ಹತ್ತಲು, ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಿರಿ. ವಾಪಸ್ ಟಿಕೆಟ್ ಬುಕ್ ಮಾಡುವಾಗಲೇ ಇದನ್ನು ನೋಡಿಕೊಳ್ಳಿ.

ಅದೇ ಸಂಜೆ, ನೆನಪು ಹಸಿಯಾಗಿರುವಾಗ ಲಾಗ್‌ಬುಕ್‌ನಲ್ಲಿ ಹಡಗಿನ ಚಿತ್ರ ಬರೆಯಿರಿ. ಚೆಂದ ಇರಬೇಕಂತಿಲ್ಲ. ಬಾಗಿಲು ಎಲ್ಲಿತ್ತು, ಬಲೆ ಎಲ್ಲಿತ್ತು, ಎಷ್ಟು ಬಾರ್‌ಗೆ ತಿರುಗಿದಿರಿ, ಹೊರಬಂದಾಗ ಎಷ್ಟಿತ್ತು. ರೀಲ್‌ನ ದಾರ ಪೂರ್ತಿ ಬಿಚ್ಚಿ ಸಿಹಿನೀರಲ್ಲಿ ನೆನೆಸಿ, ಬೆರಳ ನಡುವೆ ಎಳೆದು ಎಲ್ಲಾದರೂ ಸವೆದಿದೆಯಾ ನೋಡಿ. ಸವೆದಿದ್ದರೆ ಗಂಟು ಹಾಕಿ ನಡೆಸೋಣ ಅಂದುಕೊಳ್ಳಬೇಡಿ, ಹೊಸ ದಾರ ಸುತ್ತಿ.